ಲಿಂಡ್ ಮರಕ್ಕೆ ಸುಣ್ಣ

"ತಲೇಲಿ ಏನಿದೆ ಭಾಯಿ ನಿನಗೆ? ಮೆದುಳಾ, ಜಲ್ಲಿಕಲ್ಲಾ?"

"ನಾಲಿಗೆ ಬಿಗಿ ಹಿಡಿ ಸುಭಾನ್. ನಾನು ನಿನ್ನ ಅಣ್ಣ, ನಿನ್ನ ಕಂಪನಿ ಜವಾನ ಅಲ್ಲ."

"ಅಣ್ಣ ಆದರೆ ಏನು ಬೇಕಾದರೂ ಮಾಡಬಹುದಾ? ಊರ ಮರಗಳಿಗೆಲ್ಲ ಸುಣ್ಣ ಬಳಿದು ಬಂದು, ಇಲ್ಲಿ ಕೂತು ಆರಾಮಾಗಿ ಚಹಾ ಕುಡೀತಿದೀಯಲ್ಲ!"

"ಬರೀ ಸುಣ್ಣ ಅಲ್ಲ. ಮೇಲೆ ಕೆಳಗೆ ಕೆಂಪು ಪಟ್ಟಿನೂ ಹೊಡೆದಿದೀನಿ. ಹೋಗಿ ನೋಡು, ಒಂದಾದರೂ ಸೊಟ್ಟ ಇದ್ದರೆ ಆಮೇಲೆ ಮಾತಾಡು."

ಸುಭಾನ್ ಮೇಜಿಗೆ ಗುದ್ದಿದ. ಚಹಾ ಚೆಲ್ಲಿತು.

"ಕಪ್ಪು ಒಡೆದರೆ ಇಬ್ಬರನ್ನೂ ಹೊರಗೆ ಹಾಕ್ತೀನಿ," ಅಂದೆ ನಾನು. "ಜಗಳ ಆಡೋದಿದ್ದರೆ ಬಾಯಲ್ಲಿ ಆಡಿ. ಸಾಮಾನಿನ ಮೇಲೆ ಬೇಡ."

ಮನೆಯಲ್ಲಿ ನಾವು ಆಡುವುದು ಉರ್ದು. ಜಗಳ ಹತ್ತಿದರೆ ಮಾತ್ರ ಕನ್ನಡಕ್ಕೆ ಇಳಿಯುತ್ತೇವೆ. ನನ್ನ ಗಂಡ ಸುಭಾನ್, ಅವನ ಅಣ್ಣ ಅಜೀಮ್ ಭಾಯಿ, ನಾನು, ಮೂವರೂ ಹರಪನಹಳ್ಳಿ ಕಡೆಯ ಒಂದೇ ಸರ್ಕಾರಿ ಶಾಲೆಯವರು. ಬೈಗುಳ ಕಲಿತದ್ದೆಲ್ಲ ಆ ಶಾಲೆಯ ಅಂಗಳದಲ್ಲಿ. ಸುಭಾನ್ ಮುಂದೆ ದಾವಣಗೆರೆಗೆ ಹೋಗಿ ಎಂಜಿನಿಯರ್ ಆದ. ನಾನು ಹತ್ತನೇ ಕ್ಲಾಸಿಗೆ ನಿಂತೆ. ಭಾಯಿ ಏಳಕ್ಕೇ ನಿಂತು ರಸ್ತೆ ಕೆಲಸದ ಮೇಸ್ತ್ರಿಯಾಗಿ, ಆಮೇಲೆ ಪಿಡಬ್ಲ್ಯುಡಿಯ ಸಣ್ಣ ಕಂಟ್ರಾಕ್ಟರ್ ಆದರು. ತಮ್ಮನ ಸಂಸಾರ ನೋಡಲೆಂದು ಆ ಬೇಸಿಗೆ ಸ್ವೀಡನ್ನಿಗೆ ಬಂದಿದ್ದರು. ಬಂದವರು ತಿಂದುಂಡು ಮಲಗಬೇಕಿತ್ತು. ಆದರೆ ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯನೇ ಮಲಗುವುದಿಲ್ಲ, ಇನ್ನು ಭಾಯಿ ಹೇಗೆ ಮಲಗುತ್ತಾರೆ?

ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಚರ್ಚಿನಿಂದ ನಮ್ಮ ಮನೆಯವರೆಗೆ ದಾರಿಯ ಎರಡೂ ಬದಿಗೆ ಲಿಂಡ್ ಮರಗಳ ಸಾಲು. ಅಜ್ಜನ ಕಾಲದ ಮರಗಳು, ಇಬ್ಬರು ಕೈ ಚಾಚಿದರೂ ತಬ್ಬಲಿಕ್ಕಾಗದು. ಒಂದೊಂದರ ಬುಡಕ್ಕೂ ಎದೆಮಟ್ಟ ಬಿಳಿ ಸುಣ್ಣ, ಕೆಳಗೊಂದು ಮೇಲೊಂದು ಕೆಂಪು ಪಟ್ಟಿ. ಹರಿಹರದಿಂದ ಹರಪನಹಳ್ಳಿಗೆ ಹೋಗುವ ರಸ್ತೆಯನ್ನು ಯಾರೋ ಚಾಪೆ ಸುತ್ತಿದಂತೆ ಸುತ್ತಿಕೊಂಡು ಬಂದು ಇಲ್ಲಿ ಹಾಸಿದಂತಿತ್ತು. ನಿಜ ಹೇಳುತ್ತೇನೆ, ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಆಮೇಲೆ ನಾವು ಕೊಳ್ಳಬೇಕೆಂದಿದ್ದ ಈ ಮನೆ ನೆನಪಾಗಿ ಪರದೆ ಎಳೆದುಬಿಟ್ಟೆ.

ನಮ್ಮ ಊರ ಹೆಸರು ನೂರೋಕ್ರಾ. ಎಸ್ಕಿಲ್‌ಸ್ಟುನಾದಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಬಸ್ಸು ಬಂದರೆ. ಅಲ್ಲಿನ ಹಳೆಯ ಶಾಲೆ ಊರ ಸಂಘದ್ದು. ಮುಂದಿನ ದೊಡ್ಡ ಕೋಣೆಯಲ್ಲಿ ಸಂಘದ ಸಭೆ, ಹಿಂದೆ ಮೇಷ್ಟರ ವಾಸಕ್ಕೆ ಕಟ್ಟಿದ್ದ ಮನೆಯಲ್ಲಿ ಬಾಡಿಗೆಗೆ ನಾವು. ಅದಕ್ಕೆ ಮೊದಲು ಎಸ್ಕಿಲ್‌ಸ್ಟುನಾದ ಫ್ಲಾಟುಗಳಲ್ಲಿ ಇದ್ದೆವು. ಅಲ್ಲಿ ನಾನು ಒಗ್ಗರಣೆ ಹಾಕಿದ ಮರುದಿನ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿರುತ್ತಿತ್ತು: 'ಪ್ರಿಯ ನೆರೆಹೊರೆಯವರೇ, ಗಾಳಿಯಾಡುವಿಕೆಯ ಬಗ್ಗೆ ಎಲ್ಲರೂ ಯೋಚಿಸೋಣ. ಪ್ರೀತಿಯಿಂದ.' ಹೆಸರಿಲ್ಲ, ಬೈಗುಳವಿಲ್ಲ, ಕೊನೆಗೊಂದು ನಗುವ ಮುಖ. ಬಾಗಿಲು ಬಡಿದು ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಶಾಲೆಮನೆಯಲ್ಲಿ ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ. ಮೆಣಸಿನಕಾಯಿ ಹುರಿದರೆ ಕೆಮ್ಮುವವರು ನಾವೇ. ಹಿತ್ತಲಲ್ಲಿ ಕೊತ್ತಂಬರಿ, ಮೆಂತ್ಯ ಹಾಕಿದ್ದೆ. ಹುಟ್ಟಿದ ಮೇಲೆ ಮೊದಲ ಸಲ ಒಂದು ಕಿಟಕಿ ನನ್ನದು ಅನ್ನಿಸಿತ್ತು. ಆ ಮನೆಯನ್ನು ಸಂಘ ಮಾರುತ್ತಿತ್ತು. ಕೊಳ್ಳುತ್ತೇವೆ ಅಂತ ಕೇಳಿದವರಲ್ಲಿ ನಾವೂ ಇದ್ದೆವು. ತೀರ್ಮಾನ ಶನಿವಾರದ ಸಭೆಯಲ್ಲಿ. ಭಾಯಿ ಸುಣ್ಣ ಬಳಿದದ್ದು ಗುರುವಾರ.

ಆ ಶನಿವಾರ ಇನ್ನೊಂದು ಸಮಾರಂಭವೂ ಇತ್ತು. ಊರ ಹೆಗ್ಗುರುತುಗಳನ್ನೆಲ್ಲ ನಡೆದು ನೋಡಲು ಸಂಘ ಒಂದು ಕಾಲುದಾರಿ ಮಾಡಿಸಿತ್ತು. ಬಿಳಿ ಚರ್ಚು, ಗಂಟೆಗೆಂದೇ ಬೇರೆ ಕಟ್ಟಿದ ಮರದ ಗೋಪುರ, ಗೋಧಿ ಹೊಲದ ನಡುವೆ ವಾಲಿ ನಿಂತ ಹಳೇ ಬರಹದ ಕಲ್ಲು, ಹಾಲಿನ ಕ್ಯಾನು ಇಡುವ ಕಟ್ಟೆ. ಹಾಲಿನ ಲಾರಿ ಬರುವುದು ನಿಂತು ಒಂದು ತಲೆಮಾರಾಗಿದೆ. ಕಟ್ಟೆಗೆ ಮಾತ್ರ ಪ್ರತಿವರ್ಷ ಹೊಸ ಹಲಗೆ. ಒಂದೊಂದರ ಮುಂದೂ ನಂಬರು ಹಾಕಿದ ಬೋರ್ಡು. ಇರುವ ಹೆಗ್ಗುರುತುಗಳು ಬೇಗ ಮುಗಿದುಹೋದ್ದರಿಂದ ಇಲ್ಲದವುಗಳಿಗೂ ಬೋರ್ಡು ನೆಟ್ಟರು. 'ಇಲ್ಲಿ ಬೇಕರಿ ಇತ್ತು.' 'ಇಲ್ಲಿದ್ದ ಟೋಪಿ ಅಂಗಡಿ ಸುಟ್ಟುಹೋಯಿತು.' 'ಇಲ್ಲಿಗೆ ರೈಲು ಬರುವುದಿತ್ತು, ಬರಲಿಲ್ಲ.'

ಬಂದ ವಾರ ಭಾಯಿಯನ್ನು ಆ ದಾರಿಯಲ್ಲಿ ಕರೆದೊಯ್ದಿದ್ದೆವು. ಬರೀ ಹುಲ್ಲಿನ ಬಯಲಲ್ಲಿ ನಿಂತ ಬೋರ್ಡಿನ ಮುಂದೆ ಅವರು ತುಂಬ ಹೊತ್ತು ನಿಂತರು.

"ಇಲ್ಲದ್ದನ್ನ ತೋರಿಸೋಕೆ ಬೋರ್ಡಾ ಫರ್ಹಾನಾ?"

"ಹೌದು ಭಾಯಿ."

"ನಮ್ಮ ತಾಲ್ಲೂಕಲ್ಲಿ ಇದನ್ನ ಶುರು ಮಾಡಿದರೆ ಕಾಲಿಡೋಕೆ ಜಾಗ ಇರಲ್ಲ ಕಣಮ್ಮ. ಇಲ್ಲಿ ಕೆರೆ ಇತ್ತು. ಇಲ್ಲಿ ಸೇತುವೆಗೆ ದುಡ್ಡು ಬಂದಿತ್ತು."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸುಭಾನ್ ತನ್ನ ದೊಡ್ಡಸ್ತಿಕೆ ತೋರಿಸಲು, "ಶನಿವಾರ ಉದ್ಘಾಟನೆಗೆ ಗವರ್ನರ್ ಬರ್ತಾರೆ," ಅಂದುಬಿಟ್ಟ. ಇಲ್ಲಿ ಜಿಲ್ಲೆಗೊಬ್ಬರು ಗವರ್ನರ್. ಭಾಯಿ ದಂಗಾದರು. "ಗವರ್ನರಾ? ಮತ್ತೆ ಮರಕ್ಕೆ ಇನ್ನೂ ಏನೂ ಮಾಡಿಲ್ಲವಲ್ಲ?"

ನಾವಿಬ್ಬರೂ ನಕ್ಕೆವು. ತಮಾಷೆ ಅಂದುಕೊಂಡೆವು. ಅವರ ಬದುಕಲ್ಲಿ ಗವರ್ನರ್ ಬರುವುದಿರಲಿ, ಒಬ್ಬ ಡಿಸಿ ಬಂದರೂ ರಸ್ತೆ ಬದಿಯ ಮರ ಬೆತ್ತಲೆ ನಿಂತದ್ದಿಲ್ಲ. ಗುರುವಾರ ಬೆಳಗಿನ ಜಾವವೇ ಹಗಲಾದ ಹೊತ್ತಿನಲ್ಲಿ, ಪಕ್ಕದ ಮನೆಯ ಬೋರ್ಯೆಯ ದನದ ಕೊಟ್ಟಿಗೆಯ ಹೊರಗೆ ಇಟ್ಟಿದ್ದ ಸುಣ್ಣದ ಚೀಲ ತಂದರು. ನಮ್ಮ ಶಾಲೆಮನೆಯ ಗೋಡೆಗೆಂದು ಸಂಘ ಕೊಟ್ಟಿದ್ದ ಕೆಂಪು ಬಣ್ಣದ ಡಬ್ಬಿ ಹಿತ್ತಲಲ್ಲೇ ಇತ್ತು. ಈ ದೇಶದ ಹಳ್ಳಿಮನೆಗಳಿಗೆಲ್ಲ ಬಳಿಯುವ ಬಣ್ಣ ಅದು, ನೋಡಲು ನಮ್ಮ ಕೆಮ್ಮಣ್ಣೇ. ಮುಗಿಸಿಕೊಂಡು ಬಂದು, ಕೈ ತೊಳೆದು, ಚಹಾ ಕೇಳಿದರು.

ಬೆಳಗ್ಗೆ ಊರವರು ಬಂದರು. ಸಂಘದ ಅಧ್ಯಕ್ಷೆ ಗುನ್ನೆಲ್ ನಿವೃತ್ತ ಹೆಡ್‌ಮಿಸ್ಸು. ಮರಗಳ ಕೆಳಗೆ ಈ ತುದಿಯಿಂದ ಆ ತುದಿಗೆ ನಡೆದಳು. ಅವಳ ಹಿಂದೆ ಉಳಿದವರು ಮೆರವಣಿಗೆಯಂತೆ ನಡೆದರು. ಯಾರೂ ಕೂಗಲಿಲ್ಲ. ಕೊನೆಗೆ ಗುನ್ನೆಲ್ ನನ್ನ ಕಡೆ ತಿರುಗಿ, "ಸ್ಪೆನ್ನಾಂಡೆ," ಅಂದಳು. ಕುತೂಹಲಕರ ಅಂತ ಅರ್ಥ. ನನ್ನ ಮಾವಿನಕಾಯಿ ಉಪ್ಪಿನಕಾಯಿ ತಿಂದು ಕಣ್ಣಲ್ಲಿ ನೀರು ಸುರಿಸಿದ ದಿನವೂ ಅವಳು ಅದೇ ಮಾತು ಅಂದಿದ್ದಳು.

"ಏನಂದಳು?" ಭಾಯಿ ಕೇಳಿದರು.

"ಸರ್ವನಾಶ ಮಾಡಿದ್ರಿ ಅಂದಳು," ಅಂದೆ.

ಅಷ್ಟರಲ್ಲಿ ಬೋರ್ಯೆ ಬಂದ. ಎಪ್ಪತ್ತು ದಾಟಿದ ರೈತ, ಬೂಟಿನ ತುಂಬ ಸೆಗಣಿ. ಮರ ನೋಡಿದ, ತನ್ನ ಖಾಲಿ ಸುಣ್ಣದ ಚೀಲ ನೋಡಿದ, ಮುಖ ಬೀಟ್‌ರೂಟಿನ ಹಾಗಾಯಿತು. ಸ್ವೀಡಿಷಿನಲ್ಲಿ ಇಷ್ಟೊಂದು ಬೈಗುಳ ಇವೆ ಅನ್ನುವುದು ನನಗೆ ಆವತ್ತೇ ತಿಳಿದದ್ದು. ವಲಸಿಗರಿಗೆ ಭಾಷೆ ಕಲಿಸುವ ತರಗತಿಯಲ್ಲಿ ಅವನ್ನು ಹೇಳಿಕೊಡುವುದಿಲ್ಲ. ಆ ಮರಗಳನ್ನು ನೆಟ್ಟದ್ದು ಅವನ ಅಜ್ಜ. ಅವುಗಳ ಕೆಳಗೇ ಅವನ ಮದುವೆಯ ಗಾಡಿ ಬಂದದ್ದು, ಅವುಗಳ ಕೆಳಗೇ ಅವನ ಹೆಂಡತಿಯ ಹೆಣ ಚರ್ಚಿಗೆ ಹೋದದ್ದು. ಇದನ್ನೆಲ್ಲ ಅವನು ಭಾಯಿಯ ಮುಖಕ್ಕೆ ಮುಖ ಕೊಟ್ಟು ಕೂಗಿ ಹೇಳಿದ. ನಾನು ಕನ್ನಡದಲ್ಲಿ ಹೇಳುತ್ತ ಹೋದೆ.

ಭಾಯಿಯ ಮುಖ ಅರಳಿತು. "ಬೈತಿದಾನಾ? ಸದ್ಯ! ಬಂದಾಗಿನಿಂದ ಒಬ್ಬನಾದರೂ ಮನುಷ್ಯ ಸಿಗಲಿಲ್ಲ ಅಂತಿದ್ದೆ." ಆಮೇಲೆ ಅಜ್ಜನ ವಿಷಯ ಕಿವಿಗೆ ಬಿದ್ದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಸರ್ಕಾರಿ ಮರ ಅಂದುಕೊಂಡಿದ್ದೆ ಫರ್ಹಾನಾ. ಮನೆಯವರ ಮರ ಅಂತ ಗೊತ್ತಿರಲಿಲ್ಲ. ಈಗಲೇ ತೊಳೆದು ಕೊಡ್ತೀನಿ ಅಂತ ಹೇಳು."

ಹೇಳಿದೆ. ಬೋರ್ಯೆ ಉಸಿರು ಬಿಟ್ಟು, ನೀರಿನ ಪೈಪು ತರಲು ಹೊರಟ. ಅಲ್ಲಿಗೆ ಮುಗಿಯಬೇಕಿತ್ತು.

"ನಿಲ್ಲಿ," ಅಂದಳು ಗುನ್ನೆಲ್. ಸಾಲುಮರಗಳಿಗೆ ಕಾನೂನಿನ ರಕ್ಷಣೆ ಇದೆಯಂತೆ. ಅನುಮತಿ ಇಲ್ಲದೆ ಬಣ್ಣ ಬಳಿಯುವ ಹಾಗಿಲ್ಲ. ಹಾಗಾದ ಮೇಲೆ ಅನುಮತಿ ಇಲ್ಲದೆ ತೊಳೆಯುವ ಹಾಗೂ ಇಲ್ಲ. ಮೊದಲು ಸಭೆ ಆಗಬೇಕು. ಸಭೆ ಅಂದರೆ ಕಾಫಿ, ಕಾಫಿ ಅಂದರೆ ದಾಲ್ಚಿನ್ನಿ ಬನ್ನು, ಬನ್ನು ಅಂದರೆ ಎಲ್ಲರೂ ಒಬ್ಬೊಬ್ಬರಾಗಿ ತಮಗೆ ಹೇಗನ್ನಿಸಿತು ಅಂತ ಹೇಳುವುದು. ಆ ಸಂಜೆ ಎಲ್ಲರೂ ಹೇಳಿದರು. ಒಬ್ಬ ಹೆಂಗಸಿಗೆ ಸ್ವಲ್ಪ ದುಃಖ ಅನ್ನಿಸಿತಂತೆ, ಆದರೆ ಆ ದುಃಖದಲ್ಲಿ ಬೆಳಕೂ ಇತ್ತಂತೆ. ಇಂಥ ಸಭೆಯಲ್ಲಿ ಕೈ ಎತ್ತಿ ಲೆಕ್ಕ ಮಾಡುವುದಿಲ್ಲ. ಗುನ್ನೆಲ್ ಒಂದು ಸಣ್ಣ ಮರದ ಸುತ್ತಿಗೆ ಹಿಡಿದು ಪ್ರತಿಯೊಬ್ಬರ ಮುಖ ನೋಡುತ್ತಾಳೆ. ಎಲ್ಲರೂ ಹೂಂ ಅಂದ ಮೇಲೆ ಮೇಜಿಗೆ ಕುಟ್ಟುತ್ತಾಳೆ. ಒಬ್ಬರು ಹೂಂ ಅನ್ನದಿದ್ದರೂ ಸುತ್ತಿಗೆ ಗಾಳಿಯಲ್ಲೇ. ಆ ಸಂಜೆ ಅದು ಮೇಜು ಮುಟ್ಟಲಿಲ್ಲ.

"ಮನೆ ಹೋಯ್ತು," ಅಂದ ಸುಭಾನ್. "ಶನಿವಾರ ನಮ್ಮ ಹೆಸರು ಎತ್ತೋದೇ ಇಲ್ಲ ನೋಡು."

ಭಾಯಿಯ ಕಡೆಯಿಂದ ಕ್ಷಮೆ ಕೇಳಿಸಿ, ಅದನ್ನು ಒಳ್ಳೆಯ ಸ್ವೀಡಿಷಿಗೆ ಮಾಡಿಸೋಣ ಅಂತ ಓರೆಬ್ರೂ ಪಟ್ಟಣದಿಂದ ದತ್ತಾತ್ರೇಯನನ್ನು ಕರೆಸಿದ. ದತ್ತಾತ್ರೇಯ ಬೆಂಗಳೂರಿನ ಸಾಫ್ಟ್‌ವೇರಿನವನು, ಓರೆಬ್ರೂವಿನ ಕನ್ನಡ ಕೂಟದ ಅಧ್ಯಕ್ಷ. ವೇದಿಕೆ ಕಂಡರೆ ಅವನಿಗೆ ಕಾಲು ನಿಲ್ಲುವುದಿಲ್ಲ. ರೇಷ್ಮೆ ಜುಬ್ಬಾ ತೊಟ್ಟು ಬಂದ, ಇನ್ನೊಂದು ಜುಬ್ಬಾ ಸುಭಾನನಿಗೂ ತಂದಿದ್ದ.

"ಡೋಂಟ್ ವರಿ ಸುಭಾನ್, ನಾನು ಹ್ಯಾಂಡಲ್ ಮಾಡ್ತೀನಿ," ಅಂದ. "ಸ್ವೀಡಿಷ್ ಜನಕ್ಕೆ ಸ್ವಲ್ಪ ಕಾಂಟೆಕ್ಸ್ಟ್ ಕೊಡಬೇಕು ಅಷ್ಟೇ."

ಶನಿವಾರ ಗವರ್ನರ್ ಬರಲಿಲ್ಲ. ಭಾಯಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪೊಲೀಸ್ ಜೀಪಿಗಾಗಿ ದಾರಿ ಕಾಯುತ್ತಿದ್ದರು. ಬಂದದ್ದು ಒಂದು ಸೈಕಲ್ಲು. ಅದರ ಮೇಲೆ ಕಿವಿಗೆ ರಿಂಗು ಹಾಕಿದ ಒಬ್ಬ ಯುವಕ, ಜಿಲ್ಲೆಯ ಸಂಸ್ಕೃತಿ ಸಲಹೆಗಾರ. ಗವರ್ನರಿಗೆ ಬೇರೆ ಕೆಲಸ ಇದ್ದುದರಿಂದ ಅವರ ಶುಭಾಶಯ ತಂದಿದ್ದ.

"ಇವನಿಗೆ ನಾನು ಸುಣ್ಣ ಬಳಿದೆನಾ?" ಅಂದರು ಭಾಯಿ.

ಆದರೆ ಆ ಯುವಕ ಮರಗಳ ಮುಂದೆ ಸೈಕಲ್ಲು ಕೆಡವಿ ನಿಂತುಬಿಟ್ಟ. ಬೇಕರಿ ಇಲ್ಲದ ಜಾಗ, ಟೋಪಿ ಅಂಗಡಿ ಇಲ್ಲದ ಜಾಗ ನೋಡಿ ಆಕಳಿಸಿಕೊಂಡು ಬಂದವನಿಗೆ ಕೊನೆಗೂ ಇರುವುದೊಂದು ಸಿಕ್ಕಿತ್ತು. "ಇದು ಅದ್ಭುತ! ಯಾರು ಮಾಡಿದ್ದು?" ಗುನ್ನೆಲ್ ಸುತ್ತ ನೋಡಿದಳು. ಅವಳ ಮುಖದಲ್ಲಿ ದುಃಖ ಹೋಗಿ ಬೆಳಕು ಮಾತ್ರ ಉಳಿಯಿತು. "ನಮ್ಮ ಊರಿನವರೇ," ಅಂದಳು. ಅಲ್ಲಿಯವರೆಗೆ ನಾವು ಊರಿನವರೇ ಆಗಿರಲಿಲ್ಲ.

ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ. ಬೋರ್ಯೆ ಹಿಂದೆ ಕೈ ಕಟ್ಟಿ ನಿಂತಿದ್ದ. ಅಜೀಮ್ ಭಾಯಿ ಎದ್ದು ನಿಂತು ಮಾತಾಡಿದರು. ದತ್ತಾತ್ರೇಯನಿಗೆ ಉರ್ದು ಬಾರದ ಕಾರಣ ಕನ್ನಡದಲ್ಲೇ.

"ನೋಡ್ರಿ, ನಾನು ರಸ್ತೆ ಕಂಟ್ರಾಕ್ಟರು. ನಮ್ಮ ಕಡೆ ದೊಡ್ಡ ಸಾಹೇಬರು ಬರ್ತಾರೆ ಅಂದರೆ ಹಿಂದಿನ ದಿನ ಮರಕ್ಕೆ ಸುಣ್ಣ ಬಳೀತೀವಿ. ರಸ್ತೇಲಿ ಗುಂಡಿ ಹಾಗೇ ಇರ್ತವೆ. ಸಾಹೇಬರ ಕಣ್ಣು ಮರದ ಕಡೆ ಹೋಗಲಿ, ಗುಂಡಿ ಕಡೆ ಹೋಗದಿರಲಿ ಅಂತ. ಇದರಲ್ಲಿ ದೇವರೂ ಇಲ್ಲ, ದಿಂಡರೂ ಇಲ್ಲ. ಮಳೆ ಬಂದರೆ ಎಲ್ಲ ಹೋಗ್ತದೆ, ಮತ್ತೆ ಬಳಿದು ಮತ್ತೆ ಬಿಲ್ಲು ಮಾಡ್ತೀವಿ. ಈ ಹಿರಿಯರ ಅಜ್ಜ ನೆಟ್ಟ ಮರ ಅಂತ ಗೊತ್ತಿದ್ದರೆ ಕೇಳದೆ ಮುಟ್ತಿರಲಿಲ್ಲ. ತಪ್ಪಾಯ್ತು. ನಾನೇ ತೊಳೆದು ಕೊಡ್ತೀನಿ. ಅಷ್ಟೇ."

ದತ್ತಾತ್ರೇಯ ಕಣ್ಣು ಮುಚ್ಚಿದ. ತೆರೆದ. ಸ್ವೀಡಿಷಿನಲ್ಲಿ ಶುರು ಮಾಡಿದ.

"ನಮ್ಮ ನಾಡಿನಲ್ಲಿ ಮಹಾ ಅತಿಥಿ ಬರುವ ಮುನ್ನಾದಿನ ಮರಗಳಿಗೆ ಉಡುಗೆ ಉಡಿಸುತ್ತಾರೆ. ನೆಲದ ಗಾಯಗಳನ್ನು ಮರೆತು ಮನುಷ್ಯನ ದೃಷ್ಟಿ ವೃಕ್ಷದ ಕಡೆಗೆ ಏಳಲಿ ಎಂಬುದೇ ಇದರ ತಿರುಳು. ಇದು ಯಾವ ದೇವರಿಗೂ ಸೇರಿದ್ದಲ್ಲ, ದೇವರುಗಳಿಗೂ ಹಿಂದಿನದು. ಮಳೆ ಎಲ್ಲವನ್ನೂ ಒಯ್ಯುತ್ತದೆ, ಮತ್ತೆ ಎಲ್ಲವೂ ಆರಂಭವಾಗುತ್ತದೆ. ಚಕ್ರ. ಕೊನೆಗೆ ನೆಟ್ಟ ಹಿರಿಯರಿಗೆ ತಲೆಬಾಗಿ ಮರದ ಪಾದ ತೊಳೆಯುವ ವಿಧಿಯೂ ಉಂಟು."

ಚಪ್ಪಾಳೆ. ದುಃಖ ಅನ್ನಿಸಿದ್ದ ಹೆಂಗಸು ಕಣ್ಣೊರೆಸಿಕೊಂಡಳು. ಸಲಹೆಗಾರ ಬರೆದುಕೊಂಡ. ಬೋರ್ಯೆ ಮಾತ್ರ ಕಫ ಉಗುಳುವ ಹಾಗೆ ಒಂದು ಶಬ್ದ ಉಗುಳಿ, ಬಾಗಿಲು ದೂಡಿಕೊಂಡು ಹೊರಗೆ ಹೋದ.

"ನಾನು ಹೇಳಿದ್ದು ಇಷ್ಟೊಂದಾ?" ಭಾಯಿ ನನ್ನ ಕಿವಿಯ ಬಳಿ ಬಗ್ಗಿದರು. "ಬಿಲ್ಲಿನ ವಿಷಯಕ್ಕೆ ಯಾಕೆ ಅಳ್ತಿದಾರೆ ಇವರು? ಏನಂದ ಇವನು?"

ಸುಭಾನ್ ನನ್ನ ಕೈ ಗಟ್ಟಿಯಾಗಿ ಹಿಡಿದ. "ಏನೂ ಹೇಳಬೇಡ ಫರ್ಹಾನಾ. ಮನೆ ಕೈಗೆ ಬರ್ತಿದೆ." ಅವನ ಜುಬ್ಬಾದ ಕೊರಳಿಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

ನಾನು ಹೇಳಿದೆ. ಒಂದೊಂದೇ ಮಾತು, ಹೇಗೆ ಕೇಳಿಸಿತೋ ಹಾಗೆ.

ಭಾಯಿ ದತ್ತಾತ್ರೇಯನನ್ನು ನೋಡಿದರು. "ಅಯ್ಯಾ, ನೀನು ಕಂಟ್ರಾಕ್ಟರ್ ಆಗಬೇಕಿತ್ತು. ಒಂದು ಚೀಲ ಸುಣ್ಣದಲ್ಲಿ ಇಷ್ಟುದ್ದ ರಸ್ತೆ ನಾನೂ ಮಾಡಿಲ್ಲ."

"ಸರ್, ಕಲ್ಚರಲ್ ಟ್ರಾನ್ಸ್‌ಲೇಶನ್ ಅಂದರೆ ಹಾಗೇ."

"ಆ ಮುದುಕ ಎಲ್ಲಿಗೆ ಹೋದ?" ಅಂತ ನನ್ನನ್ನು ಕೇಳಿದರು.

ಕಿಟಕಿಯಿಂದ ಕಾಣುತ್ತಿತ್ತು. ಬೋರ್ಯೆ ಯಾವ ಅನುಮತಿಯೂ ಇಲ್ಲದೆ ಮೊದಲ ಮರಕ್ಕೆ ಪೈಪು ಹಿಡಿದು ಉಜ್ಜುತ್ತಿದ್ದ. ಭಾಯಿ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಹೊರಗೆ ನಡೆದರು. ಇಡೀ ಸಭೆ ಕಿಟಕಿಗೆ ಬಂತು.

"ಇದು ಆ ಪಾದ ತೊಳೆಯುವುದಾ?" ಗುನ್ನೆಲ್ ಪಿಸುಗುಟ್ಟಿದಳು.

"ಎಕ್ಸಾಕ್ಟ್ಲಿ," ಅಂದ ದತ್ತಾತ್ರೇಯ.

ಮತ್ತೆ ಚಪ್ಪಾಳೆ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಕೇಕು ಕತ್ತರಿಸಿದರು. ಸಲಹೆಗಾರನ ಮಾತಿನಂತೆ ಸಾಲುಮರಕ್ಕೂ ಒಂದು ಬೋರ್ಡು ಬರುವುದೆಂದಾಯಿತು: 'ಭಾರತದ ಪ್ರಾಚೀನ ವೃಕ್ಷಾಲಂಕಾರ.' ಗುನ್ನೆಲ್ ಸುತ್ತಿಗೆ ತೆಗೆದುಕೊಂಡಳು. ಶಾಲೆಮನೆಯನ್ನು ಸುಭಾನ್ ಮತ್ತು ಫರ್ಹಾನಾಗೆ ಮಾರುವುದು. ಒಂದೇ ಒಂದು ಷರತ್ತು. ಮನೆಯಲ್ಲಿ ಇರುವವರು ಪ್ರತಿವರ್ಷ ಈ ದಿನ ತಮ್ಮ ಸಾಂಪ್ರದಾಯಿಕ ಉಡುಪಿನಲ್ಲಿ ಮರಗಳಿಗೆ ಬಣ್ಣ ಬಳಿದು, ಪ್ರವಾಸಿಗರಿಗೆ ಅದರ ಅರ್ಥ ವಿವರಿಸಬೇಕು. ಅನುಮತಿಯನ್ನು ಸಂಘವೇ ಕೊಡಿಸುತ್ತದೆ.

ಗುನ್ನೆಲ್ ಒಬ್ಬೊಬ್ಬರ ಮುಖ ನೋಡುತ್ತ ಬಂದಳು. ಹೂಂ. ಹೂಂ. ಹೂಂ. ಸುಭಾನ್ ಅವಳು ತನ್ನನ್ನು ನೋಡುವ ಮೊದಲೇ ಹೂಂ ಅಂದ. ಕೊನೆಗೆ ನನ್ನ ಮುಖ.

ನನಗೆ ಆ ಮನೆ ಬೇಕಿತ್ತು. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿಲ್ಲದ ಮನೆ. ಬಾಯಿ ಬಿಟ್ಟು ಒಂದು ಅಕ್ಷರ ಅಂದಿದ್ದರೆ ಕಿಟಕಿ ನನ್ನದಾಗುತ್ತಿತ್ತು. ಕಿಟಕಿಯ ಹೊರಗೆ ವರ್ಷಕ್ಕೊಂದು ದಿನ ನನ್ನ ಗಂಡ, ಅಗೆಯುವ ಯಂತ್ರಗಳ ಎಂಜಿನಿಯರ್, ಎರವಲು ಜುಬ್ಬಾ ತೊಟ್ಟು, ಬೋರ್ಯೆಯ ಅಜ್ಜನ ಮರಕ್ಕೆ ಸುಣ್ಣ ಬಳಿಯುತ್ತ ಚಕ್ರ ಚಕ್ರ ಅನ್ನುತ್ತಿರುತ್ತಿದ್ದ. ಪಕ್ಕದಲ್ಲಿ ನಾನು. ಬೇಕರಿ, ಟೋಪಿ ಅಂಗಡಿ, ಬಾರದ ರೈಲು, ಆಮೇಲೆ ನಾವು. ಇಲ್ಲದ್ದಕ್ಕೆ ಇನ್ನೊಂದು ಬೋರ್ಡು.

"ಹೂಂ ಅನ್ನು ಫರ್ಹಾನಾ," ಸುಭಾನ್ ಹಲ್ಲು ಕಚ್ಚಿ ಅಂದ, ಉರ್ದುವಿನಲ್ಲಿ. "ವರ್ಷಕ್ಕೊಂದು ದಿನ ಅಷ್ಟೇ."

"ನಿನ್ನ ಕೊರಳಲ್ಲಿ ಚೀಟಿ ನೇತಾಡ್ತಿದೆ, ಮೊದಲು ಅದನ್ನ ಕಿತ್ತುಹಾಕು," ಅಂದೆ, ಕನ್ನಡದಲ್ಲಿ.

ಹೊರಗೆ ಭಾಯಿ ಮತ್ತು ಬೋರ್ಯೆ ಮೂರನೇ ಮರಕ್ಕೆ ಬಂದಿದ್ದರು. ಮೈಯೆಲ್ಲ ಕೆಂಪು ನೀರು. ಒಬ್ಬ ಸ್ವೀಡಿಷಿನಲ್ಲಿ ಬೈಯುತ್ತಿದ್ದ, ಇನ್ನೊಬ್ಬ ಕನ್ನಡದಲ್ಲಿ. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು.

ನಾನು ಕೇಕಿನ ತಟ್ಟೆ ಕೆಳಗಿಟ್ಟು ಅಡುಗೆಮನೆಗೆ ಹೋಗಿ, ಬಕೆಟ್ಟು ಮತ್ತು ಪಾತ್ರೆ ಉಜ್ಜುವ ಗಟ್ಟಿ ಬ್ರಷ್ಷು ಎತ್ತಿಕೊಂಡೆ. ಸಭೆಯ ನಡುವೆಯೇ ಹಾದು ಬಾಗಿಲಿಗೆ ಬಂದೆ. ಸುತ್ತಿಗೆ ಗುನ್ನೆಲ್‌ಳ ಕೈಯಲ್ಲಿ ಎತ್ತಿದಂತೆಯೇ ಇತ್ತು.

"ಫರ್ಹಾನಾ, ನಿನ್ನ ಅಭಿಪ್ರಾಯ?" ಅಂದಳು.

"ಸ್ಪೆನ್ನಾಂಡೆ," ಅಂದೆ.

ಹಿಂದಿನಿಂದ ದತ್ತಾತ್ರೇಯನ ದನಿ ಕೇಳಿಸಿತು. ಮನೆಯ ಹೆಣ್ಣುಮಗಳು ನೀರು ಹೊತ್ತು ತರುವುದು ಆಚರಣೆಯ ಮೂರನೆಯ ಭಾಗವಂತೆ. ಬಾಗಿಲನ್ನು ಎಳೆದು ಹಾಕಿದೆ.

ಕಾಫಿ ಆರುತ್ತಿದೆ ಅಂತ ಮೊದಲು ಗುನ್ನೆಲ್ ಕರೆದಳು, ಆಮೇಲೆ ಸುಭಾನ್ ಕರೆದ. ಕೆಂಪು ಪಟ್ಟಿ ಸುಣ್ಣಕ್ಕಿಂತ ಗಟ್ಟಿ ಹಿಡಿದಿತ್ತು, ಎರಡೂ ಕೈ ಹಾಕಿ ಉಜ್ಜಬೇಕಿತ್ತು. ನಾನು ಒಳಗೆ ಹೋಗಲಿಲ್ಲ.